ಖಾತೆ ಇದ್ದರೆ ಸಾಕೇ? ಮನೆ ಕೊಳ್ಳುವ ಮುನ್ನ ಓದಬೇಕಾದ ಕಾಗದಗಳು

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದು ಹಿರಿಯರು ಹೇಳಿದ ಕಾಲದಲ್ಲಿ ಮನೆ ಎಂದರೆ ಕಟ್ಟುವ ಕೆಲಸವಾಗಿತ್ತು. ಇಂದು ಪಟ್ಟಣಗಳಲ್ಲಿ ಬಹಳ ಮಂದಿ ಕಟ್ಟಿದ ಮನೆಯನ್ನೇ ಕೊಳ್ಳುತ್ತಾರೆ. ಇಟ್ಟಿಗೆ, ಸಿಮೆಂಟಿನ ಚಿಂತೆ ತಪ್ಪಿದೆ. ಅದರ ಜಾಗದಲ್ಲಿ ಕಾಗದಪತ್ರಗಳ ಚಿಂತೆ ಬಂದಿದೆ. ಗೋಡೆಯ ಬಿರುಕು ಕಣ್ಣಿಗೆ ಕಾಣುತ್ತದೆ. ಕಾಗದದಲ್ಲಿರುವ ದೋಷ ಎಷ್ಟೋ ಸಲ ಗೊತ್ತಾಗುವುದು ನ್ಯಾಯಾಲಯದ ನೋಟೀಸು ಮನೆಬಾಗಿಲಿಗೆ ಬಂದಾಗಲೇ.

ಭವಿಷ್ಯನಿಧಿಯ ಹಣ, ಮನೆಯಾಕೆಯ ಒಡವೆ, ಬ್ಯಾಂಕಿನ ಸಾಲ ಎಲ್ಲವೂ ಸೇರಿ ಒಂದು ಮನೆಯಾಗುತ್ತದೆ. ಇಂದು ಪಿಯುಸಿ ಓದುತ್ತಿರುವ ಮಗಳು 20 ವರ್ಷದ ಸಾಲದ ಕೊನೆಯ ಕಂತು ತೀರುವ ವೇಳೆಗೆ ಮೂವತ್ತು ದಾಟಿರುತ್ತಾಳೆ. ಆದ್ದರಿಂದ ಮನೆಯ ಕಾಗದಗಳನ್ನು ಓದುವುದು ಯಜಮಾನರೊಬ್ಬರ ಕೆಲಸವಲ್ಲ. ಕಾಲೇಜಿಗೆ ಹೋಗುವ ಮಕ್ಕಳೂ ಜತೆಗೆ ಕುಳಿತು ಓದಬಹುದು, ಓದಬೇಕು. ವಕೀಲರ ಸಲಹೆಗೆ ಇದು ಬದಲಿಯಲ್ಲ. ಆದರೆ ವಕೀಲರನ್ನು ಏನು ಕೇಳಬೇಕೆಂಬುದು ಇದರಿಂದ ತಿಳಿಯುತ್ತದೆ.

ಖಾತೆ ಬೇರೆ, ಹಕ್ಕು ಬೇರೆ

'ಖಾತೆ ಇದೆ, ಕಂದಾಯ ಕಟ್ಟಿದೆ, ಏನೂ ತೊಂದರೆಯಿಲ್ಲ' ಎಂಬುದು ದಲ್ಲಾಳಿಗಳ ಬಾಯಲ್ಲಿ ಮೊದಲು ಬರುವ ಮಾತು. ಖಾತೆ ಎಂದರೆ ನಗರಸಭೆಯೋ ಪಂಚಾಯಿತಿಯೋ ತೆರಿಗೆ ವಸೂಲಿಗಾಗಿ ಇಟ್ಟುಕೊಂಡ ಲೆಕ್ಕ. ತೆರಿಗೆ ಯಾರಿಂದ ಬರಬೇಕು ಎಂಬುದನ್ನು ಅದು ಹೇಳುತ್ತದೆ. ಆಸ್ತಿ ಯಾರದು ಎಂಬುದನ್ನು ಅದು ತೀರ್ಮಾನಿಸುವುದಿಲ್ಲ. ನ್ಯಾಯಾಲಯಗಳು ಇದನ್ನು ಹಲವು ಬಾರಿ ಸ್ಪಷ್ಟಪಡಿಸಿವೆ. 2024ರಿಂದ ರಾಜ್ಯದಲ್ಲಿ ನೋಂದಣಿಗೆ ಇ-ಖಾತೆ ಕಡ್ಡಾಯವಾಗಿದೆ. ಇದರಿಂದ ನಕಲಿ ಖಾತೆಗಳ ಹಾವಳಿ ತಗ್ಗಬಹುದು. ಆದರೂ ಖಾತೆ ಹಕ್ಕುಪತ್ರವಾಗುವುದಿಲ್ಲ.

ಒಂದು ಉದಾಹರಣೆ ನೋಡೋಣ. ಒಬ್ಬರು 1968ರಲ್ಲಿ ಸ್ವಂತ ಸಂಪಾದನೆಯಿಂದ ಮನೆ ಕೊಂಡರು. 1992ರಲ್ಲಿ ಉಯಿಲು ಬರೆಯದೆ ತೀರಿಕೊಂಡರು. ಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು ಇದ್ದರು. ಕಂದಾಯ ಕಟ್ಟಲು ಅನುಕೂಲವೆಂದು ಖಾತೆಯನ್ನು ಹಿರಿಯ ಮಗನ ಹೆಸರಿಗೆ ಮಾಡಿಸಲಾಯಿತು. ಈಗ ಆತ ಮನೆ ಮಾರುತ್ತಿದ್ದಾನೆ. ಖಾತೆ ಆತನದೇ, ರಸೀದಿಗಳೂ ಆತನವೇ. ಆದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ತಂದೆ ಸತ್ತ ದಿನವೇ ಆ ಮನೆ ನಾಲ್ಕು ಸಮಪಾಲಾಗಿದೆ. ಆತನೊಬ್ಬನೇ ಸಹಿ ಹಾಕಿದರೆ ಕೊಂಡವರಿಗೆ ದಕ್ಕುವುದು ಆತನ ಕಾಲುಭಾಗ ಮಾತ್ರ. ಮದುವೆಯಾಗಿ ಬೇರೆ ಊರಿಗೆ ಹೋದ ತಂಗಿಯ ಪಾಲು ಮದುವೆಯಿಂದ ಕಳೆದುಹೋಗಿಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿಯೂ 2005ರ ತಿದ್ದುಪಡಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳ ಸಮಾನ ಹಕ್ಕು ಕೊಟ್ಟಿದೆ. ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿದೆ.

ಹೀಗಾಗಿ ಮಾರುವವರಿಂದ ವಂಶವೃಕ್ಷವನ್ನು ಕೇಳಬೇಕು. ಅದರಲ್ಲಿರುವ ಹಕ್ಕುದಾರರೆಲ್ಲರೂ ಕ್ರಯಪತ್ರಕ್ಕೆ ಸಹಿ ಹಾಕಬೇಕು. ಇಲ್ಲವೇ ನೋಂದಣಿಯಾದ ವಿಭಾಗಪತ್ರವೋ ಹಕ್ಕುಬಿಡುಗಡೆ ಪತ್ರವೋ ಇರಬೇಕು.

ಸರಪಳಿ ಎಲ್ಲೂ ಕಡಿಯಬಾರದು

ಮೂಲಪತ್ರದಿಂದ ಇಂದಿನ ಮಾಲೀಕರವರೆಗೆ ಆಸ್ತಿ ಕೈಬದಲಾದ ಪ್ರತಿಯೊಂದು ಹಂತಕ್ಕೂ ಒಂದು ಪತ್ರವಿರಬೇಕು: ಕ್ರಯ, ದಾನ, ವಿಭಾಗ, ಉಯಿಲು ಅಥವಾ ಮಂಜೂರಾತಿ. ಒಂದು ಹಾಳೆಯಲ್ಲಿ ಕೋಷ್ಟಕ ಬರೆದುಕೊಳ್ಳುವುದು ಒಳ್ಳೆಯದು. ವರ್ಷ, ಕೊಟ್ಟವರು, ಪಡೆದವರು, ನೋಂದಣಿ ಸಂಖ್ಯೆ, ಅಳತೆ, ಚಕ್ಕುಬಂದಿ ಎಂದು ಆರು ಕಲಮುಗಳು ಸಾಕು. ವಿದ್ಯಾರ್ಥಿಗಳು ಒಂದು ಸಂಜೆಯಲ್ಲಿ ಮಾಡಬಹುದಾದ ಕೆಲಸವಿದು. ಒಂದು ಪತ್ರದಲ್ಲಿ 30x40 ಅಡಿ ಇದ್ದದ್ದು ಮುಂದಿನದರಲ್ಲಿ 30x45 ಆಗಿದ್ದರೆ, ಪೂರ್ವಕ್ಕಿದ್ದ ರಸ್ತೆ ಪಶ್ಚಿಮಕ್ಕೆ ಹೋಗಿದ್ದರೆ ಅಲ್ಲಿಯೇ ನಿಲ್ಲಬೇಕು. ಆಮೇಲೆ ಟೇಪು ಹಿಡಿದು ಜಾಗವನ್ನು ಅಳೆದು ನೋಡಬೇಕು.

ಮೂಲಪತ್ರದ ಅಸಲನ್ನೇ ನೋಡಬೇಕು. 'ಅಸಲು ಊರಿನಲ್ಲಿದೆ' ಎಂದು ಜೆರಾಕ್ಸ್ ಪ್ರತಿ ಕೊಟ್ಟರೆ ಅದು ಬ್ಯಾಂಕಿನಲ್ಲಿ ಅಡಮಾನವಾಗಿರಬಹುದು.

ಬಡಾವಣೆ ಹಿಂದೆ ಹೊಲವಾಗಿದ್ದರೆ ಮತ್ತೆರಡು ಪ್ರಶ್ನೆಗಳಿವೆ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯಂತೆ ಭೂಪರಿವರ್ತನೆ ಆಗಿದೆಯೇ? ಬಡಾವಣೆಯ ನಕ್ಷೆಗೆ ಯೋಜನಾ ಪ್ರಾಧಿಕಾರದ ಒಪ್ಪಿಗೆ ಇದೆಯೇ? ಹಳೆಯ ಪಹಣಿಯಲ್ಲಿ ಆ ಜಮೀನು ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದೆಂದು ಕಂಡರೆ ಇನ್ನೂ ಎಚ್ಚರ ಬೇಕು. 1978ರ ಕಾಯ್ದೆಯ ಪ್ರಕಾರ ಸರ್ಕಾರದ ಅನುಮತಿಯಿಲ್ಲದೆ ಅಂಥ ಜಮೀನು ಮಾರುವಂತಿಲ್ಲ. ಮಾರಿದ್ದರೆ ಮೂಲ ಮಂಜೂರುದಾರರಿಗೆ ವಾಪಸು ಹೋಗಬಹುದು.

ಇ.ಸಿ. ಹೇಳದೆ ಬಿಡುವ ಸಂಗತಿಗಳು

ಸಬ್ ರಿಜಿಸ್ಟ್ರಾರ್ ಕಚೇರಿಯ ಋಣಭಾರ ಪತ್ರವನ್ನು ಜನ ಇ.ಸಿ. ಎಂದೇ ಕರೆಯುತ್ತಾರೆ. ವಹಿವಾಟು ನಡೆದಿದ್ದರೆ ನಮೂನೆ 15, ಏನೂ ನಡೆದಿಲ್ಲದಿದ್ದರೆ ನಮೂನೆ 16 ಬರುತ್ತದೆ. ಕಾವೇರಿ ತಂತ್ರಾಂಶದ ಮೂಲಕ ಮನೆಯಿಂದಲೇ ಇದನ್ನು ಪಡೆಯಬಹುದು. ಕನಿಷ್ಠ 30 ವರ್ಷದ ಇ.ಸಿ. ತೆಗೆಸುವುದು ವಾಡಿಕೆ, ಕಂಪ್ಯೂಟರಿಗೆ ಹಿಂದಿನ ವರ್ಷಗಳಿಗೆ ಕಚೇರಿಯ ಪುಸ್ತಕಗಳನ್ನೇ ಹುಡುಕಿಸಬೇಕಾಗುತ್ತದೆ.

ಇ.ಸಿ. ಹೇಳುವುದು ನೋಂದಣಿಯಾದ ವಹಿವಾಟುಗಳನ್ನು ಮಾತ್ರ. ನೋಂದಣಿಯಾಗದ ಕರಾರು, ಬಾಯಿಮಾತಿನ ಪಾಲು, ಉಯಿಲು, ನ್ಯಾಯಾಲಯದಲ್ಲಿರುವ ದಾವೆ ಅದರಲ್ಲಿ ಸಿಗಬೇಕೆಂದಿಲ್ಲ. ಮೇಲಿನ ಉದಾಹರಣೆಯ ಮನೆಗೂ ನಮೂನೆ 16 ಬರುತ್ತದೆ, ಏಕೆಂದರೆ 1992ರ ಸಾವು ನೋಂದಣಿಯಾಗುವ ವಹಿವಾಟಲ್ಲ. ಆದ್ದರಿಂದ ಬಾಡಿಗೆದಾರರನ್ನೂ ಅಕ್ಕಪಕ್ಕದವರನ್ನೂ ವಿಚಾರಿಸಬೇಕು. ಹತ್ತು ಕಾಗದ ಹೇಳದ್ದನ್ನು ಪಕ್ಕದ ಮನೆಯ ಅಜ್ಜಿ ಹೇಳಿಬಿಡುವುದುಂಟು.

ಮುಂಗಡ, ಕರಾರು, ನೋಂದಣಿ

ಓದುವ ಕೆಲಸವೆಲ್ಲ ಮುಗಿದ ಮೇಲೆ ಮುಂಗಡದ ಮಾತು. 'ಇನ್ನೊಬ್ಬರು ನಾಳೆಯೇ ಬರುತ್ತಾರೆ' ಎಂಬ ಅವಸರಕ್ಕೆ ಮಣಿಯಬಾರದು. ಮುಂಗಡವನ್ನು ಚೆಕ್ಕಿನಲ್ಲಿ ಅಥವಾ ಬ್ಯಾಂಕಿನ ಮೂಲಕವೇ ಕೊಡಬೇಕು. ಸ್ಥಿರಾಸ್ತಿಗೆ ಸಂಬಂಧಿಸಿ 20,000 ರೂಪಾಯಿ ಅಥವಾ ಅದಕ್ಕೂ ಹೆಚ್ಚು ನಗದು ಪಡೆಯುವುದಕ್ಕೆ 2015ರಿಂದ ನಿಷೇಧವಿದೆ. ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಕರಾರಿನಲ್ಲಿ ಒಟ್ಟು ಬೆಲೆ, ಗಡುವು, ಹಕ್ಕಿನಲ್ಲಿ ದೋಷ ಕಂಡರೆ ಮುಂಗಡ ಹಿಂತಿರುಗಿಸುವ ಷರತ್ತು ಸ್ಪಷ್ಟವಾಗಿರಬೇಕು.

ಕರಾರಿನಿಂದ ಮನೆ ಸ್ವಂತವಾಗುವುದಿಲ್ಲ. 100 ರೂಪಾಯಿ ಅಥವಾ ಅದಕ್ಕೂ ಹೆಚ್ಚು ಬೆಲೆಯ ಸ್ಥಿರಾಸ್ತಿಯ ಕ್ರಯ ನೋಂದಣಿಯಾಗಲೇಬೇಕು. ಜನರಲ್ ಪವರ್ ಆಫ್ ಅಟಾರ್ನಿ ಬರೆಸಿಕೊಂಡು 'ಕೊಂಡ' ಮನೆಗೆ ಹಕ್ಕು ಬರುವುದಿಲ್ಲ ಎಂದು 2011ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ಖರ್ಚನ್ನೂ ಮೊದಲೇ ಲೆಕ್ಕ ಹಾಕಬೇಕು. 60 ಲಕ್ಷ ರೂಪಾಯಿಯ ಮನೆಗೆ ಶೇಕಡ 5ರಂತೆ ಮುದ್ರಾಂಕ ಶುಲ್ಕ 3 ಲಕ್ಷ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇಕಡ 1ರ ಬದಲು 2 ಆಗಿದ್ದು, ಅದು 1.20 ಲಕ್ಷ. ಒಟ್ಟು 4.20 ಲಕ್ಷ, ಉಪಕರ, ಮೇಲ್ತೆರಿಗೆ ಬೇರೆ. ಈ ಹಣ ಸಾಮಾನ್ಯವಾಗಿ ಬ್ಯಾಂಕಿನ ಸಾಲದಲ್ಲಿ ಸೇರುವುದಿಲ್ಲ. ಬೆಲೆ 50 ಲಕ್ಷ ಮುಟ್ಟಿದರೆ ಕೊಳ್ಳುವವರು ಶೇಕಡ 1ರಷ್ಟನ್ನು ಹಿಡಿದುಕೊಂಡು ಮಾರುವವರ ಹೆಸರಿನಲ್ಲಿ ಆದಾಯ ತೆರಿಗೆಗೆ ಕಟ್ಟಬೇಕು.

ಕಟ್ಟುತ್ತಿರುವ ಫ್ಲ್ಯಾಟು ಕೊಳ್ಳುವವರು ಯೋಜನೆ ರೇರಾ ಪ್ರಾಧಿಕಾರದಲ್ಲಿ ನೋಂದಣಿಯಾಗಿದೆಯೇ ಎಂದು ನೋಡಬೇಕು. 2016ರ ಆ ಕಾಯ್ದೆಯಂತೆ ಕರಾರು ನೋಂದಣಿಯಾಗುವ ಮೊದಲು ಬೆಲೆಯ ಶೇಕಡ 10ಕ್ಕಿಂತ ಹೆಚ್ಚು ಹಣ ಕೇಳುವಂತಿಲ್ಲ.

ಮಾರುವವರಿಗೂ ಎರಡು ಮಾತು

ಮಕ್ಕಳ ಎಂಜಿನಿಯರಿಂಗ್, ವೈದ್ಯಕೀಯ ಸೀಟಿಗಾಗಿ ನಿವೇಶನವನ್ನೋ ಹಳೆಯ ಮನೆಯನ್ನೋ ಮಾರುವ ತಂದೆತಾಯಿಗಳಿದ್ದಾರೆ. ಫೀಸು ಕಟ್ಟುವ ಕೊನೆಯ ದಿನ ಹತ್ತಿರ ಬಂದಾಗ ಮಾರಲು ಹೊರಟರೆ ಬೆಲೆ ಹೇಳುವವರು ಕೊಳ್ಳುವವರೇ ಆಗುತ್ತಾರೆ. ಶಿಕ್ಷಣ ಸಾಲವನ್ನು ಮೊದಲು ವಿಚಾರಿಸಬಹುದು. ಸಾಲ ಖಾತರಿ ಯೋಜನೆಯಡಿ 7.5 ಲಕ್ಷದವರೆಗೆ ಆಸ್ತಿಯ ಅಡಮಾನ ಬೇಕಿಲ್ಲ. ಮಾರಲೇಬೇಕಾದರೆ ಕಾಗದಗಳನ್ನು ಒಂದು ವರ್ಷ ಮೊದಲೇ ಸರಿಪಡಿಸಿಟ್ಟುಕೊಳ್ಳಬೇಕು.

ಆಸ್ತಿ ಮಗುವಿನ ಸ್ವಂತ ಹೆಸರಿನಲ್ಲಿದ್ದರೆ, ಉದಾಹರಣೆಗೆ ಅಜ್ಜಿ ಮೊಮ್ಮಗನಿಗೆ ದಾನ ಕೊಟ್ಟಿದ್ದರೆ, ನ್ಯಾಯಾಲಯದ ಅನುಮತಿಯಿಲ್ಲದೆ ತಂದೆಯೂ ಮಾರುವಂತಿಲ್ಲ. ಮಾರಿದರೆ ಆ ಮಗು 18 ತುಂಬಿದ ಮೂರು ವರ್ಷದೊಳಗೆ ಮಾರಾಟವನ್ನು ಪ್ರಶ್ನಿಸಬಹುದು. ಇದು ಕೊಳ್ಳುವವರೂ ನೆನಪಿಡಬೇಕಾದ ಸಂಗತಿ.

ಮುಂಗಡ ಬಂದ ಮಾತ್ರಕ್ಕೆ ಅಸಲು ಪತ್ರಗಳನ್ನಾಗಲಿ ಬೀಗದ ಕೈಯನ್ನಾಗಲಿ ಕೊಡಬಾರದು. ಪೂರ್ತಿ ಹಣ ಬಂದು ಕ್ರಯಪತ್ರ ನೋಂದಣಿಯಾದ ದಿನವೇ ಸ್ವಾಧೀನ ಕೊಡಬೇಕು. ಮನೆ ಮಾರಿ ಬಂದ ಲಾಭಕ್ಕೆ ತೆರಿಗೆಯಿದೆ. ಆ ಲಾಭವನ್ನು ಎರಡು ವರ್ಷದೊಳಗೆ ಬೇರೆ ಮನೆ ಕೊಳ್ಳಲು ಅಥವಾ ಮೂರು ವರ್ಷದೊಳಗೆ ಕಟ್ಟಲು ಬಳಸಿದರೆ ವಿನಾಯಿತಿ ಸಿಗುತ್ತದೆ; ಮಕ್ಕಳ ಫೀಸಿಗೆ ಬಳಸಿದರೆ ಸಿಗುವುದಿಲ್ಲ. ಫೀಸಿನ ಲೆಕ್ಕ ಹಾಕುವಾಗಲೇ ತೆರಿಗೆಯ ಹಣವನ್ನು ಬೇರೆ ತೆಗೆದಿಡಬೇಕು.

ನೋಂದಣಿಯಾದ ಮೇಲೆ ಖಾತೆ, ವಿದ್ಯುತ್ ಮತ್ತು ನೀರಿನ ಸಂಪರ್ಕ ಹೊಸ ಮಾಲೀಕರ ಹೆಸರಿಗೆ ಬದಲಾಗಬೇಕು. ಪತ್ರಗಳ ಪ್ರತಿಗಳನ್ನು ಎರಡು ಕಡೆ ಇಡಬೇಕು. ಮನೆ ಯಾರ ಹೆಸರಿನಲ್ಲಿದೆ, ಸಾಲ ಎಷ್ಟಿದೆ, ಅಸಲು ಪತ್ರ ಎಲ್ಲಿದೆ ಎಂಬುದು ಮನೆಯ ದೊಡ್ಡ ಮಕ್ಕಳಿಗೂ ಗೊತ್ತಿರಬೇಕು. ಮುಂದೊಂದು ದಿನ ಆ ಕಾಗದಗಳನ್ನು ಹುಡುಕಬೇಕಾದವರು ಅವರೇ.