ಸಹಾಯದ ಸಾಲುಗಳ ಶುದ್ಧೀಕರಣ

ಗಣಕಯಂತ್ರಕ್ಕೆ ಅಕ್ಷರಗಳನ್ನು ಟೈಪು ಮಾಡಿ ಆಜ್ಞೆ ನೀಡುವ ಪದ್ಧತಿ ಹಳೆಯದಾದರೂ ಇಂದಿಗೂ ಬಳಕೆಯಲ್ಲಿದೆ. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮೊದಲಾದವರು ಆರಂಭಿಸಿದ ಯೂನಿಕ್ಸ್ ವ್ಯವಸ್ಥೆ ಈ ಪದ್ಧತಿಯನ್ನು ಜನಪ್ರಿಯಗೊಳಿಸಿತು. ಅಂದಿನ ಟೆಲಿಟೈಪ್ ಯಂತ್ರ ಸೆಕೆಂಡಿಗೆ ಸುಮಾರು 10 ಅಕ್ಷರಗಳನ್ನಷ್ಟೇ ಮುದ್ರಿಸುತ್ತಿತ್ತು. ಮೊಟಕಾದ ಆಜ್ಞೆಗಳೇ ಅದಕ್ಕೆ ಒಗ್ಗುತ್ತಿದ್ದುವು.

ಅಡುಗೆಯವನಿಗೆ ‘ಕಾಫಿ ಮಾಡು’ ಎನ್ನುವುದು ಆಜ್ಞೆ; ‘ಸಕ್ಕರೆ ಬೇಡ’ ಎಂದು ಸೇರಿಸುವುದು ಆಪ್ಷನ್. ಯಾವ ಆಪ್ಷನ್ನಿಗೆ ಯಾವ ಫಲವೆಂಬುದನ್ನು ನೆನಪಿಡುವುದು ಕಷ್ಟ. ಆದುದರಿಂದ, ಆಜ್ಞೆಯ ಮುಂದೆ ಎರಡು ಅಡ್ಡಗೆರೆಗಳನ್ನೆಳೆದು ‘ಹೆಲ್ಪ್’ ಎಂದು ಬರೆದರೆ ಪ್ರತಿಯೊಂದು ಪ್ರೋಗ್ರಾಮೂ ತನ್ನ ಬಳಕೆಯನ್ನು ಚುಟುಕಾಗಿ ತಿಳಿಸತಕ್ಕದ್ದೆಂದು ಗ್ನೂ ಯೋಜನೆಯ ನಿಯಮಾವಳಿ ವಿಧಿಸುತ್ತದೆ.

ಈ ಸಾಲುಗಳನ್ನು ಬರೆಯುವವನು ಪ್ರೋಗ್ರಾಮರನೇ. ಮೂಲಬರಹದಲ್ಲಿ ಸಹಾಯದ ಸಾಲು ಒಂದೆಡೆ, ಕೆಲಸ ನಡೆಸುವ ಭಾಗ ಇನ್ನೊಂದೆಡೆ ಇರುವುದು ಸಾಮಾನ್ಯ. ಒಂದನ್ನು ತಿದ್ದಿ ಇನ್ನೊಂದನ್ನು ಮರೆತರೂ ಕಂಪೈಲರ್ ಆಕ್ಷೇಪಿಸದು. ಅದರ ಪಾಲಿಗೆ ಸಹಾಯವು ಬರಿಯ ಅಕ್ಷರಗಳ ಸರಣಿ.

ಇದರಿಂದ ಹಾನಿಯೇನು? ಕಡತಗಳನ್ನು ಅಳಿಸುವ ‘ಆರ್‌ಎಂ’ ಆಜ್ಞೆಯನ್ನು ನೋಡೋಣ. ಗ್ನೂ ವ್ಯವಸ್ಥೆಯಲ್ಲಿ ಅದಕ್ಕೆ ಚಿಕ್ಕ ‘ಐ’ ಅಕ್ಷರವನ್ನು ಸೇರಿಸಿದರೆ ಪ್ರತಿಯೊಂದು ಕಡತಕ್ಕೂ ಮುನ್ನ ಅದು ನಮ್ಮ ಒಪ್ಪಿಗೆಯನ್ನು ಕೇಳುತ್ತದೆ. ದೊಡ್ಡ ‘ಐ’ ಸೇರಿಸಿದರೆ, ಮೂರಕ್ಕಿಂತ ಹೆಚ್ಚು ಕಡತಗಳಿರುವಾಗ ಅಥವಾ ಒಳಗಡತಕೋಶಗಳ ಸಮೇತ ಅಳಿಸುವಾಗ ಒಮ್ಮೆ ಮಾತ್ರ ಕೇಳುತ್ತದೆ. ‘ಮೂರಕ್ಕಿಂತ ಹೆಚ್ಚು’ ಎಂಬಲ್ಲಿ ಯಾರಾದರೂ ‘ಮೂರು ಅಥವಾ ಹೆಚ್ಚು’ ಎಂದು ಬರೆದರೆನ್ನೋಣ. ಮೂರೇ ಕಡತಗಳನ್ನು ಹೆಸರಿಸಿದ ವಿದ್ಯಾರ್ಥಿಯು ಪ್ರಶ್ನೆಯನ್ನು ನಿರೀಕ್ಷಿಸುತ್ತ ಕುಳಿತಿರುತ್ತಾನೆ. ಅಷ್ಟರಲ್ಲಿ ಮೂರೂ ಅಳಿಸಿಹೋಗಿರುತ್ತವೆ!

ಹೀಗಿರಲು, ಸಾಲುಗಳನ್ನು ಶುದ್ಧಗೊಳಿಸುವವನು ಮೊದಲು ಪ್ರೋಗ್ರಾಮನ್ನು ನಡೆಸಿ ಅದರ ನಿಜವಾದ ವರ್ತನೆಯನ್ನು ಕಾಣಬೇಕು. ಆಮೇಲೆ ಎಲ್ಲ ವಿವರಣೆಗಳಿಗೂ ಒಂದೇ ಬಗೆಯ ಕ್ರಿಯಾಪದ, ಒಂದೇ ಅಂಕಣ. ಸಾಲೊಂದು 80 ಅಕ್ಷರಗಳನ್ನು ಮೀರದಿರುವುದು ರೂಢಿಯ ಮೇರೆ.

ಆದರೆ ಅನಾವಶ್ಯಕವಾಗಿ ತಿದ್ದುವುದೂ ಸಲ್ಲದು. ‘ಗೆಟ್‌ಟೆಕ್ಸ್ಟ್’ ಎಂಬ ಸಾಧನದಲ್ಲಿ ಇಂಗ್ಲಿಷ್ ಸಾಲೇ ಅನುವಾದವನ್ನು ಹುಡುಕುವ ಕೀಲಿಕೈ. ಅಲ್ಲಿ ಒಂದು ಪೂರ್ಣವಿರಾಮ ಬದಲಾದರೂ ಹಳೆಯ ಅನುವಾದ ‘ಸಂದಿಗ್ಧ’ವೆಂದು ಗುರುತಾಗುತ್ತದೆ, ಅನುವಾದಕನು ಮತ್ತೆ ಪರಿಶೀಲಿಸುವವರೆಗೆ ಕನ್ನಡದ ಬಳಕೆದಾರನಿಗೂ ಇಂಗ್ಲಿಷ್ ಸಾಲೇ ಗತಿ. ಒಂದು ಚುಕ್ಕೆಯನ್ನು ಇಡುವ ಮುನ್ನವೂ ಅದರಿಂದ ಓದುಗನಿಗೆ ದೊರೆಯುವ ಪ್ರಯೋಜನವನ್ನು ನಾವು ತೂಗಿ ನೋಡಬೇಕು.

ನಮ್ಮ ತರುಣ ಓದುಗರು ನಾಳೆ ತಾವೇ ಪ್ರೋಗ್ರಾಮುಗಳನ್ನು ರಚಿಸಬಹುದು. ಆಗ ಸಹಾಯದ ಸಾಲನ್ನೂ ಪ್ರೋಗ್ರಾಮಿನ ಅಂಗವೆಂದೇ ತಿಳಿದು ಪರೀಕ್ಷಿಸುವ ಅಭ್ಯಾಸವನ್ನು ಅವರು ಮೊದಲಿನಿಂದಲೇ ಬೆಳೆಸಿಕೊಳ್ಳಲಿ.