ಹಿತ್ತಲ ಗಿಡವೂ ಮದ್ದಾಯಿತು

ಜನರ ಮೆಚ್ಚುಗೆಯನ್ನು ಅಳೆದು ತೂಗಿ ಹೇಳುವುದು ಸಾಧ್ಯವೆ? ಅಮೆರಿಕದ ವ್ಯಾಪಾರಿಗಳು ಅದಕ್ಕೂ ಒಂದು ಅಳತೆಗೋಲನ್ನು ಕಂಡುಕೊಂಡರು. ಅಂಗಡಿಗಳಲ್ಲಿ ಮಾರಾಟವಾದ ಗ್ರಾಮಫೋನ್ ತಟ್ಟೆಗಳನ್ನೂ ರೇಡಿಯೋ ನಿಲಯಗಳು ಬಿತ್ತರಿಸಿದ ಹಾಡುಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡು, ‘ಬಿಲ್‌ಬೋರ್ಡ್’ ಎಂಬ ಪತ್ರಿಕೆಯು 1958ರ ಆಗಸ್ಟ್ ತಿಂಗಳಿನಿಂದ ನೂರು ಹಾಡುಗಳ ಪಟ್ಟಿಯೊಂದನ್ನು ವಾರವಾರವೂ ಪ್ರಕಟಿಸತೊಡಗಿತು. 1964ರ 52 ವಾರಗಳಲ್ಲಿ 23 ಹಾಡುಗಳು ಈ ಪಟ್ಟಿಯ ಅಗ್ರಸ್ಥಾನವನ್ನೇರಿದವು. ನೋಟಕ್ಕೆ ಬರಿಯ ವ್ಯಾಪಾರದ ಲೆಕ್ಕ. ಆದರೆ ನಿಧಾನವಾಗಿ ಓದುತ್ತ ಹೋದವರಿಗೆ ಒಂದು ದೇಶದ ಅಂತರಂಗವೇ ಅಲ್ಲಿ ಗೋಚರಿಸುತ್ತದೆ.

ಆ ವರ್ಷವನ್ನು ಜಗತ್ತು ನೆನೆಯುವುದು ಬೀಟಲ್ಸ್ ತಂಡದ ಹೆಸರಿನಿಂದ. ಇಂಗ್ಲೆಂಡಿನ ಲಿವರ್‌ಪೂಲ್ ನಗರದ ಈ ನಾಲ್ವರು ತರುಣರ ಹಾಡೊಂದು ಫೆಬ್ರವರಿ 1ರ ಪಟ್ಟಿಯಲ್ಲಿ ಮೊದಲನೆಯದಾಯಿತು. ಫೆಬ್ರವರಿ 9ರಂದು ಅವರು ಟೆಲಿವಿಷನ್ನಿನಲ್ಲಿ ಹಾಡಿದಾಗ ಸುಮಾರು 7 ಕೋಟಿ 30 ಲಕ್ಷ ಜನ ಕಣ್ಣರಳಿಸಿ ನೋಡಿದರು. ಏಪ್ರಿಲ್ 4ರ ಪಟ್ಟಿಯಲ್ಲಂತೂ ಮೊದಲ ಐದು ಸ್ಥಾನಗಳೂ ಅವರವೇ! ಹೀಗೆ ಸತತವಾಗಿ 14 ವಾರಗಳ ಕಾಲ ಅಗ್ರಪೀಠವು ಅವರ ಕೈಬಿಡಲಿಲ್ಲ.

ಆದರೆ ಈ ತರುಣರು ಕಲಿತ ಪಾಠಶಾಲೆ ಯಾವುದು? ಕಡಲಾಚೆಯಿಂದ ಬಂದ ತಟ್ಟೆಗಳಲ್ಲಿ ಅಮೆರಿಕದ ಕಪ್ಪು ವರ್ಣದ ಗಾಯಕರ ಕಂಠವನ್ನು ಕೇಳಿಕೇಳಿಯೇ ಅವರು ಬೆಳೆದಿದ್ದರು. ಆ ಐದು ಹಾಡುಗಳ ಪೈಕಿ ‘ಟ್ವಿಸ್ಟ್ ಅಂಡ್ ಶೌಟ್’ ಎಂಬುದನ್ನು 1962ರಲ್ಲಿಯೇ ಜನಪ್ರಿಯಗೊಳಿಸಿದ್ದವರು ಐಸ್ಲಿ ಸಹೋದರರೆಂಬ ಕಪ್ಪು ಗಾಯಕರು. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ನಮ್ಮಲ್ಲಿ ಮಾತ್ರ ಸತ್ಯವೆಂದು ತಿಳಿಯಬೇಕಾಗಿಲ್ಲ.

ಮೇ 9ರಂದು ಅಚ್ಚರಿಯೊಂದು ನಡೆಯಿತು. ಬೀಟಲ್ಸ್‌ರನ್ನು ಕೆಳಗಿಳಿಸಿ ಅಗ್ರಸ್ಥಾನಕ್ಕೆ ಬಂದವರು ಮತ್ತೊಬ್ಬ ತರುಣರಲ್ಲ; 62 ವರ್ಷದ ಲೂಯಿ ಆರ್ಮ್‌ಸ್ಟ್ರಾಂಗ್! ಆತನ ದನಿ ಒಡಕು, ಗೊಗ್ಗರು. ಕೈಯಲ್ಲಿದ್ದುದು ಹಳೆಯ ಕಾಲದ ತುತ್ತೂರಿ. ‘ಹಲೋ, ಡಾಲಿ!’ ಎಂಬ ರಂಗನಾಟಕದ ಪ್ರಚಾರಕ್ಕೆಂದು 1963ರ ಡಿಸೆಂಬರಿನಲ್ಲಿ ಅದರ ಹಾಡೊಂದನ್ನು ಹಾಡಿಕೊಟ್ಟಿದ್ದರು. ಪ್ರಚಾರದ ಆ ಹಾಡೇ ಪಟ್ಟವೇರಿತು.

ಆರ್ಮ್‌ಸ್ಟ್ರಾಂಗ್ ಹುಟ್ಟಿದ್ದು ಲೂಯಿಸಿಯಾನಾ ಸಂಸ್ಥಾನದ ನ್ಯೂ ಆರ್ಲಿಯನ್ಸ್ ನಗರದ ಕಡುಬಡತನದಲ್ಲಿ. 1912ರ ವರ್ಷಾಂತ್ಯದ ರಾತ್ರಿ, ಹಬ್ಬದ ಸಡಗರದಲ್ಲಿ ಪಿಸ್ತೂಲು ಹಾರಿಸಿದ ತಪ್ಪಿಗೆ ಬಾಲಕನನ್ನು ಸುಧಾರಣಾಲಯಕ್ಕೆ ಕಳುಹಿಸಿದರು. ತುತ್ತೂರಿಯ ಶಿಕ್ಷಣ ದೊರೆತದ್ದು ಅಲ್ಲಿಯೇ. ಮುಂದೆ ಲೋಕವೆಲ್ಲ ಅವರನ್ನು ಕೊಂಡಾಡಿತು. ಆದರೆ ಹುಟ್ಟಿದ ಊರು? ಬಿಳಿಯರೂ ಕರಿಯರೂ ಒಂದೇ ವೇದಿಕೆಯಲ್ಲಿ ಮನರಂಜನೆ ನೀಡಕೂಡದೆಂದು ಆ ಸಂಸ್ಥಾನವು 1956ರಲ್ಲಿ ಕಾನೂನು ಮಾಡಿತು. ಅವರ ವಾದ್ಯಮೇಳದಲ್ಲಿ ಎರಡು ವರ್ಣದವರೂ ಇದ್ದರು. ಜೊತೆಗಾರರನ್ನು ಬಿಟ್ಟು ತವರಿಗೆ ಹೋಗಲು ಆ ಕಲಾವಿದರ ಮನ ಒಪ್ಪಲಿಲ್ಲ. ದೇಶದ ಕಿವಿ ಒಲಿದ ಆ ವಾರದಲ್ಲಿಯೂ ತವರಿನ ರಂಗಮಂದಿರದ ಬಾಗಿಲು ಅವರಿಗೆ ಮುಚ್ಚಿಯೇ ಇತ್ತು.

ಮುಂದಿನ ವಾರ ಅಗ್ರಸ್ಥಾನ ಮೇರಿ ವೆಲ್ಸ್ ಎಂಬ ಡೆಟ್ರಾಯಿಟ್ ನಗರದ ಯುವತಿಗೆ. ಜೂನ್ ತಿಂಗಳಿನಲ್ಲಿ ನ್ಯೂ ಆರ್ಲಿಯನ್ಸ್‌ನವರೇ ಆದ ಡಿಕ್ಸಿ ಕಪ್ಸ್ ತಂಡದ ಮೂವರು ಯುವತಿಯರಿಗೆ. ಜುಲೈ 2ರಂದು ಅಧ್ಯಕ್ಷ ಜಾನ್ಸನ್ನರು ನಾಗರಿಕ ಹಕ್ಕುಗಳ ಮಸೂದೆಗೆ ಅಂಕಿತ ಹಾಕಿದರು. ಹೋಟೆಲು, ನಾಟಕಶಾಲೆಗಳಲ್ಲಿ ವರ್ಣಭೇದವು ದೇಶಾದ್ಯಂತ ಕಾನೂನುಬಾಹಿರವಾಯಿತು. ಆಗಸ್ಟ್ 22ರ ಪಟ್ಟಿಯಲ್ಲಿ ಮೊದಲನೆಯವರಾದವರು ಡೆಟ್ರಾಯಿಟ್‌ನ ಬಡವರ ಬಡಾವಣೆಯಲ್ಲಿ ಬೆಳೆದ ಡಯಾನಾ ರಾಸ್, ಮೇರಿ ವಿಲ್ಸನ್ ಮತ್ತು ಫ್ಲಾರೆನ್ಸ್ ಬಲಾರ್ಡ್ ಅವರ ‘ಸುಪ್ರೀಮ್ಸ್’ ತಂಡ. ಮೋಟಾರು ಕಾರ್ಖಾನೆಯಲ್ಲಿ ದುಡಿದಿದ್ದ ಬೆರಿ ಗಾರ್ಡಿಯವರು 1959ರಲ್ಲಿ ಮನೆಯವರಿಂದ 800 ಡಾಲರ್ ಸಾಲ ಪಡೆದು ಆರಂಭಿಸಿದ ‘ಮೋಟೌನ್’ ಸಂಸ್ಥೆಯೇ ಮೇರಿ ವೆಲ್ಸ್ ಅವರಿಗೂ ಈ ತಂಡಕ್ಕೂ ಆಶ್ರಯ. ಡಿಸೆಂಬರಿನೊಳಗೆ ಸುಪ್ರೀಮ್ಸ್‌ನ ಮೂರು ಹಾಡುಗಳು ಅಗ್ರಸ್ಥಾನ ಕಂಡವು.

ಕೂಡಿಸಿ ನೋಡಿದರೆ ಬೀಟಲ್ಸ್‌ರದು 18 ವಾರ. ಈ ಕಪ್ಪು ಕಲಾವಿದರದು 13, ವರ್ಷದ ಸರಿಯಾದ ಕಾಲುಭಾಗ. ಹಾಡನ್ನು ಕೊಂಡವರೆಲ್ಲರೂ ಹಾಡಿದವರನ್ನು ಪಕ್ಕದ ಮನೆಗೆ ಬರಮಾಡಿಕೊಳ್ಳುತ್ತಿದ್ದರೆಂದು ಹೇಳುವಂತಿಲ್ಲ. ಕಿವಿ ಒಪ್ಪಿದುದನ್ನು ಮನಸ್ಸು ಒಪ್ಪಲು ಕಾಲ ಬೇಕು. ಕೆಲವೊಮ್ಮೆ ಕಾನೂನೂ ಬೇಕು.

1965ರಲ್ಲಿ ಆರ್ಮ್‌ಸ್ಟ್ರಾಂಗ್ ತಮ್ಮ ಮೇಳದೊಡನೆ ತವರಿನಲ್ಲಿ ಮತ್ತೆ ತುತ್ತೂರಿ ಊದಿದರು. 1971ರಲ್ಲಿ ಅವರು ತೀರಿಕೊಂಡರು. ಒಂದು ಕಾಲಕ್ಕೆ ಅವರ ಮೇಳಕ್ಕೆ ವೇದಿಕೆ ಕೊಡಲೊಲ್ಲದಿದ್ದ ಆ ನಗರಕ್ಕೆ ಇಂದು ಆಕಾಶಮಾರ್ಗದಿಂದ ಬರುವವರೆಲ್ಲ ಬಂದಿಳಿಯುವುದು ಲೂಯಿ ಆರ್ಮ್‌ಸ್ಟ್ರಾಂಗ್ ವಿಮಾನ ನಿಲ್ದಾಣದಲ್ಲಿ.