ಮಾರಿಹೋದ ಕಾರು ಪರದೆಯ ಮೇಲೆ ಎಷ್ಟು ದಿನ ಇರಬೇಕು?

ತುಮಕೂರಿನಿಂದ ಬೆಂಗಳೂರಿಗೆ ಸುಮಾರು 70 ಕಿಲೋಮೀಟರ್. ಒಂದು ಭಾನುವಾರ ತಿಂಡಿಯನ್ನೂ ತಿನ್ನದೆ ನಾನೂ ನನ್ನ ಭಾವನೂ ಅಷ್ಟು ದೂರ ಹೋದದ್ದು ಒಂದು ಬಿಳಿ ಸ್ವಿಫ್ಟ್ ನೋಡಲು. ಡೀಲರ್‌ನ ವೆಬ್‌ಸೈಟಿನಲ್ಲಿ ಅದರ ಫೋಟೋಗಳಿದ್ದವು, ಎಷ್ಟು ಓಡಿದೆ ಎಂಬ ಲೆಕ್ಕವಿತ್ತು, ಬೆಲೆಯಿತ್ತು. ಯಾರ್ಡಿನಲ್ಲಿ ಕಾರು ಮಾತ್ರ ಇರಲಿಲ್ಲ. “ನಿನ್ನೆ ಸಂಜೆ ಹೋಯ್ತು ಸಾರ್. ಅದೇ ಥರದ್ದು ಇನ್ನೊಂದಿದೆ, ರೇಟ್ ಸ್ವಲ್ಪ ಜಾಸ್ತಿ” ಎಂದರು. ಎರಡು ವಾರದ ಮೇಲೆ ನೋಡಿದರೂ ಆ ಬಿಳಿ ಕಾರು ಅದೇ ಪುಟದಲ್ಲಿ, ಅದೇ ಬೆಲೆಗೆ ನಿಂತಿತ್ತು. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳಲು ಹೊರಟವನಿಗೆ ದುಡ್ಡಿನಷ್ಟೇ ಬೆಲೆಯುಳ್ಳದ್ದು ಅವನ ಭಾನುವಾರ. ಈ ಅಧ್ಯಾಯ ಹುಟ್ಟಿದ್ದು ಆ ಒಂದು ಭಾನುವಾರದಿಂದ.

ಮೊದಲು ಡೀಲರ್ ಕಡೆಯ ನ್ಯಾಯ ನೋಡೋಣ. ಕಾರು ಮಾರಾಟವಾಗುವುದು ಸಂತೆಯಲ್ಲಿ ಕುಂಬಳಕಾಯಿ ಮಾರಾಟವಾದ ಹಾಗಲ್ಲ. ಒಬ್ಬರು ಬಂದು ನೋಡುತ್ತಾರೆ, ಓಡಿಸುತ್ತಾರೆ, ಐದು ಸಾವಿರ ಟೋಕನ್ ಕೊಟ್ಟು ಹೋಗುತ್ತಾರೆ. ಕಾರು ಮಾರಾಟವಾಯಿತೇ? ಮನೆಯವರು ಒಪ್ಪಬೇಕು, ಬ್ಯಾಂಕು ಸಾಲ ಮಂಜೂರು ಮಾಡಬೇಕು. ಸಾಲ ಸಿಗದೆ ಟೋಕನ್ ವಾಪಸ್ ಹೋಗುವುದೂ ಉಂಟು. ಹಳೆಯ ಮಾಲೀಕನ ಸಾಲ ಇನ್ನೂ ಆರ್‌ಸಿಯ ಮೇಲಿದ್ದರೆ ಅದನ್ನು ತೆಗೆಸಲು ಫಾರಂ 35 ಬೇಕು. ಆಮೇಲೆ ಪೂರ್ತಿ ಹಣ, ಆಮೇಲೆ ಡೆಲಿವರಿ, ಆಮೇಲೆ ಫಾರಂ 29 ಮತ್ತು 30, ಕೊನೆಗೆ ಆರ್‌ಟಿಒ ದಾಖಲೆಯಲ್ಲಿ ಹೆಸರು ಬದಲಾವಣೆ. ಈ ಸರಪಳಿಯ ಯಾವ ಕೊಂಡಿಯಲ್ಲಿ ಪುಟದ ಮೇಲೆ ‘ಮಾರಾಟವಾಗಿದೆ’ ಎಂದು ಬರೆಯಬೇಕು? ಟೋಕನ್ ಬಂದ ಗಳಿಗೆಯಲ್ಲೇ ಪುಟ ತೆಗೆದರೆ, ವ್ಯವಹಾರ ಮುರಿದ ದಿನ ಡೀಲರ್ ಹತ್ತು ದಿನದ ಗಿರಾಕಿಗಳನ್ನು ಕಳೆದುಕೊಂಡಿರುತ್ತಾನೆ. ತೆಗೆಯದಿದ್ದರೆ ದೂರದಿಂದ ಬಂದವರು ಬರಿಗೈಯಲ್ಲಿ ಹೋಗುತ್ತಾರೆ. ನನ್ನ ಮಟ್ಟಿಗೆ ಇದಕ್ಕೆ ಸರಿಯಾದ ಉತ್ತರ ಒಂದೇ: ‘ಬುಕ್ ಆಗಿದೆ’ ಎಂಬ ನಡುವಿನ ಸ್ಥಿತಿಯನ್ನು ತೋರಿಸುವುದು. ಆ ಎರಡು ಪದ ಹಾಕಲು ಖರ್ಚಿಲ್ಲ. ಓದಿದವನು ಫೋನ್ ಮಾಡಿ ಕೇಳುತ್ತಾನೆ, ಗಾಡಿ ಹತ್ತಿ ಬರುವುದಿಲ್ಲ.

ಇನ್ನೊಂದು ಕಾರಣ ಯಂತ್ರದ್ದು. ದೊಡ್ಡ ಡೀಲರ್‌ಗಳ ಬಳಿ ಸ್ಟಾಕ್ ಲೆಕ್ಕ ಇಡುವ ಒಂದು ಸಾಫ್ಟ್‌ವೇರ್ ಇರುತ್ತದೆ. ಅದರಿಂದ ಇಡೀ ಪಟ್ಟಿ ಒಂದು ಕಡತವಾಗಿ ಹೊರಟು, ಡೀಲರ್‌ನ ಸ್ವಂತ ವೆಬ್‌ಸೈಟಿಗೂ ಹತ್ತಾರು ಕಾರುಮಾರಾಟದ ತಾಣಗಳಿಗೂ ಹೋಗುತ್ತದೆ. ಎಷ್ಟೋ ಕಡೆ ಇದು ದಿನಕ್ಕೊಮ್ಮೆ, ರಾತ್ರಿ ಹೊತ್ತು ನಡೆಯುವ ಕೆಲಸ. ಬೆಳಿಗ್ಗೆ ಹತ್ತಕ್ಕೆ ಮಾರಿದ ಕಾರು ಮರುದಿನದವರೆಗೂ ಪರದೆಯ ಮೇಲೆ ಜೀವಂತ. ಒಂದು ತಾಣ ಆ ರಾತ್ರಿಯ ಕಡತವನ್ನು ಓದದೆ ಬಿಟ್ಟರೆ ಇನ್ನೂ ಒಂದು ದಿನ ಕೂಡುತ್ತದೆ. ಅಮೆರಿಕದಲ್ಲಿ 1981ರಿಂದ ಪ್ರತಿ ವಾಹನಕ್ಕೂ 17 ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆಯಿದೆ. ಜಾಹೀರಾತಿನಲ್ಲೂ ಅದನ್ನು ಕೊಡುವುದು ಅಲ್ಲಿ ರೂಢಿಯಾದ್ದರಿಂದ ಒಂದೇ ಕಾರು ನಾಲ್ಕು ಕಡೆ ಕಂಡರೂ ಅದು ಒಂದೇ ಎಂದು ಗೊತ್ತಾಗುತ್ತದೆ. ನಮ್ಮಲ್ಲಿ ಚಿತ್ರದಲ್ಲಿ ನಂಬರ್ ಪ್ಲೇಟನ್ನೇ ಮಸುಕು ಮಾಡಿರುತ್ತಾರೆ. ಸಣ್ಣ ಡೀಲರ್ ಬಳಿಯಂತೂ ಸಾಫ್ಟ್‌ವೇರೂ ಇಲ್ಲ. ಒಬ್ಬ ಹುಡುಗ, ಒಂದು ಫೋನು. ಹಾಕುವುದು ಅವನ ಕೆಲಸವೆಂದು ಹೇಳಿರುತ್ತಾರೆ, ತೆಗೆಯುವುದೂ ಅವನ ಕೆಲಸವೆಂದು ಯಾರೂ ಹೇಳಿರುವುದಿಲ್ಲ.

ಒಂದು ದಿನದ ತಡವನ್ನು ಕ್ಷಮಿಸಬಹುದು. ಕ್ಷಮಿಸಲಾಗದ್ದು ಬೇಕೆಂದೇ ಬಿಟ್ಟ ಪುಟ. ಒಳ್ಳೆಯ ಬೆಲೆಯ ಕಾರಿನ ಪುಟ ಗಾಳದ ಎರೆಹುಳುವಿನಂತೆ. ಕಾರು ಹೋದ ಮೇಲೂ ಅದು ಫೋನ್ ಕರೆಗಳನ್ನು ತರುತ್ತಲೇ ಇರುತ್ತದೆ, ಬಂದವರಿಗೆ ಬೇರೆಯದನ್ನು ತೋರಿಸಬಹುದು. ಇದು ಇಂಟರ್ನೆಟ್ ತಂದ ರೋಗವಲ್ಲ, ಪತ್ರಿಕೆಯ ಕಿರುಜಾಹೀರಾತಿನ ಕಾಲದಲ್ಲೂ ಇತ್ತು. ಕ್ಯಾಲಿಫೋರ್ನಿಯಾದ ವಾಹನ ಸಂಹಿತೆಯ 11713ನೇ ಸೆಕ್ಷನ್ ಇದಕ್ಕೆ ಗಡಿಯಾರವನ್ನೇ ಕಟ್ಟಿದೆ: ಕಾರು ಮಾರಾಟವಾದ, ಅಥವಾ ಮಾರಾಟದಿಂದ ಹಿಂದಕ್ಕೆ ಪಡೆದ 48 ಗಂಟೆಯೊಳಗೆ ಡೀಲರ್ ತನ್ನ ಜಾಹೀರಾತನ್ನು ಲಿಖಿತವಾಗಿ ಹಿಂತೆಗೆದುಕೊಳ್ಳಬೇಕು. ಪರದೆಯ ಕಾಲಕ್ಕೆ 48 ಗಂಟೆ ಧಾರಾಳವೇ ಆಯಿತು, ಆದರೂ ಒಂದು ಗಡುವು ಇದೆ ಎಂಬುದೇ ನನಗೆ ಮೆಚ್ಚುಗೆ. ಇಡೀ ಅಮೆರಿಕಕ್ಕೆ ಅನ್ವಯಿಸುವಂತೆ, ವಾಹನ ಲಭ್ಯವಿದೆಯೇ ಎಂಬುದರ ಬಗ್ಗೆ ಸುಳ್ಳು ಹೇಳುವುದನ್ನೂ ನಿಷೇಧಿಸುವ ನಿಯಮವೊಂದನ್ನು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2023ರ ಡಿಸೆಂಬರ್‌ನಲ್ಲಿ ಹೊರಡಿಸಿತು. ರೂಪಿಸಿದ ಕ್ರಮದಲ್ಲೇ ಲೋಪವಿದೆಯೆಂದು 2025ರ ಜನವರಿಯಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ರದ್ದು ಮಾಡಿತು.

ನಮ್ಮಲ್ಲಿ ಗಂಟೆಯ ಲೆಕ್ಕವಿಲ್ಲ, ತತ್ವವಿದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜೂನ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಗಳು ಆಮಿಷದ ಜಾಹೀರಾತನ್ನು ಹೆಸರಿಟ್ಟು ಗುರುತಿಸುತ್ತವೆ: ಹೇಳಿದ ಬೆಲೆಗೆ ಮಾರುವ ಸಾಧ್ಯತೆಯೇ ಇಲ್ಲದಿದ್ದರೆ ಗಿರಾಕಿಯನ್ನು ಸೆಳೆಯುವ ಹಾಗಿಲ್ಲ. 2023ರ ನವೆಂಬರ್ 30ರ ‘ಡಾರ್ಕ್ ಪ್ಯಾಟರ್ನ್’ ಮಾರ್ಗಸೂಚಿಗಳು ಪಟ್ಟಿ ಮಾಡಿದ 13 ಮೋಸದ ವಿನ್ಯಾಸಗಳಲ್ಲಿ ಒಂದು ತೋರಿಸಿ ಬದಲಿ ಕೊಡುವ ತಂತ್ರ. ಅಗ್ಗದ್ದು ಈಗಿಲ್ಲ ಎಂದು ಹೇಳಿ ಹೆಚ್ಚು ಬೆಲೆಯ, ಅದೇ ಥರದ್ದನ್ನು ಮುಂದಿಡುವುದು. ಭಾವನಿಗೆ ಆ ಭಾನುವಾರ ಯಾರ್ಡಿನಲ್ಲಿ ಆದದ್ದು ಇದೇ. ಇಂಥದ್ದಕ್ಕೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಎರಡು ಬೇರೆ ಬೇರೆ ದಿನ ತೆಗೆದ ಪುಟದ ಚಿತ್ರ ಕೈಯಲ್ಲಿದ್ದರೆ ಮಾತಿಗೆ ತೂಕ ಬರುತ್ತದೆ.

ಹಾಗಾದರೆ ಪುಟವನ್ನು ಅಳಿಸಿಬಿಟ್ಟರೆ ಸಾಕೇ? ಅಳಿಸಿದರೆ ಹಳೆಯ ಕೊಂಡಿ ಒತ್ತಿದವನಿಗೆ ‘ಪುಟ ಸಿಗಲಿಲ್ಲ’ ಎಂಬ ಖಾಲಿ ಗೋಡೆ. ಕೆಲವರು ಅವನನ್ನು ಸದ್ದಿಲ್ಲದೆ ಮುಖಪುಟಕ್ಕೆ ತಳ್ಳುತ್ತಾರೆ. ಏನಾಯಿತೆಂದು ತಿಳಿಯದೆ ಅವನು ಕಾರನ್ನು ಮತ್ತೆ ಹುಡುಕುತ್ತಾನೆ. ಹೀಗೆ ತಳ್ಳುವುದನ್ನು ಗೂಗಲ್ ಕೂಡ ಇಲ್ಲದ ಪುಟವೆಂದೇ ಎಣಿಸಬಹುದು, ಆದ್ದರಿಂದ ಡೀಲರ್‌ಗೂ ಲಾಭವಿಲ್ಲ. ಕೆಲವು ವಾರ ಪುಟವನ್ನು ಉಳಿಸಿ, ಮೇಲೆ ದಪ್ಪಕ್ಷರದಲ್ಲಿ ‘ಮಾರಾಟವಾಗಿದೆ’ ಎಂದು ಬರೆದು, ಕೆಳಗೆ ಅದೇ ಬೆಲೆಯ ಆಸುಪಾಸಿನ ಕಾರುಗಳನ್ನು ತೋರಿಸುವುದು ಎಲ್ಲಕ್ಕಿಂತ ಮೇಲು. ಹುಡುಕಾಟದ ಫಲಿತಾಂಶದಲ್ಲಿ ಮಾತ್ರ ಅದು ಬರಬಾರದು, ಸ್ಟಾಕಿನ ಲೆಕ್ಕದಲ್ಲಿ ಸೇರಬಾರದು.

ಮಾರಿಹೋದ ಕಾರಿನ ಪುಟಕ್ಕೆ ಇನ್ನೂ ದೊಡ್ಡ ಉಪಯೋಗವೊಂದಿದೆ. ಅಮೆರಿಕದ ‘ಬ್ರಿಂಗ್ ಎ ಟ್ರೇಲರ್’ ಹಳೆಯ, ಅಪರೂಪದ ಕಾರುಗಳ ಹರಾಜು ತಾಣ. 2007ರಲ್ಲಿ ಶುರುವಾದದ್ದು. ಅಲ್ಲಿ ಹರಾಜು ಮುಗಿದ ಮೇಲೂ ಪುಟ ಎಲ್ಲಿಗೂ ಹೋಗುವುದಿಲ್ಲ. ಚಿತ್ರಗಳು, ಜನ ಕೇಳಿದ ಪ್ರಶ್ನೆಗಳು, ಯಾವ ಬೆಲೆಗೆ ಹೋಯಿತು ಎಂಬುದು, ಮಾಲೀಕನ ಕನಿಷ್ಠ ಬೆಲೆ ಮುಟ್ಟದಿದ್ದರೆ ಕೂಗು ಎಲ್ಲಿಗೆ ನಿಂತಿತು ಎಂಬುದು, ಎಲ್ಲವೂ ಎಲ್ಲರ ಕಣ್ಣಿಗೆ ಬೀಳುವಂತೆ ಉಳಿದಿರುತ್ತದೆ. ಕೊಳ್ಳುವವನಿಗೆ ಮಾರುಕಟ್ಟೆಯ ನಿಜ ಬೆಲೆ ತಿಳಿಯುವುದು ಇಂಥ ಕಡೆ. ನಮ್ಮ ಯಾರ್ಡುಗಳ ಪುಟದಲ್ಲಿರುವುದು ಕೇಳಿದ ಬೆಲೆ ಮಾತ್ರ. ಚೌಕಾಸಿಯ ನಂತರ ಎಷ್ಟಕ್ಕೆ ಕೈ ಕುಲುಕಿದರು ಎಂಬುದು ಡೀಲರ್‌ನ ನೋಟ್‌ಬುಕ್ಕಿನಲ್ಲೇ ಉಳಿಯುತ್ತದೆ. ನಮ್ಮ ಊರುಗಳ ಡೀಲರ್‌ಗಳೂ ಮಾರಿದ ಬೆಲೆಯನ್ನು ಬರೆದಿಡುವಂತಾದರೆ, ಸಾಲ ಮಾಡಿ ಮೊದಲ ಕಾರು ಕೊಳ್ಳುವ ಮನೆಗೆ ಅದಕ್ಕಿಂತ ದೊಡ್ಡ ಸಹಾಯ ಬೇರಿಲ್ಲ ಎಂದು ನಾನು ನಂಬಿದ್ದೇನೆ.

ಫೋಟೋಗಳ ವಿಷಯವೂ ಇದೆ. ಪುಟದಲ್ಲೇ ಬಿದ್ದಿರುವ ಹಳೆಯ ಫೋಟೋಗಳು ವಂಚಕರಿಗೆ ಕಚ್ಚಾ ಸಾಮಾನು. ಅವನ್ನು ಎತ್ತಿಕೊಂಡು, ನಂಬಲಾರದಷ್ಟು ಕಡಿಮೆ ಬೆಲೆ ಹಾಕಿ, ತಾನು ಸೈನಿಕ, ವರ್ಗವಾಗಿದೆ, ಗಾಡಿ ಕಳಿಸಿಕೊಡುತ್ತೇನೆ, ಮುಂಗಡ ಹಾಕಿ ಎನ್ನುವ ಜಾಲಕ್ಕೆ ದೇಶದ ತುಂಬಾ ಜನ ಬಲಿಯಾಗಿದ್ದಾರೆ. ಡೆಲಿವರಿಯ ದಿನ ಹಾರ ಹಾಕಿದ ಕಾರಿನ ಮುಂದೆ, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು, ಮಕ್ಕಳ ಸಮೇತ ನಿಲ್ಲಿಸಿ ತೆಗೆಯುವ ಚಿತ್ರವೂ ಹೀಗೆಯೇ ಊರೂರು ಸುತ್ತುತ್ತದೆ. ಆ ಸಂತೋಷ ಆ ಮನೆಯವರದು, ಕೇಳಿ ಹಾಕಬೇಕು.

ಇಷ್ಟು ಹೊತ್ತು ಕೊಳ್ಳುವವನ ಮಾತಾಯಿತು. ಪುಟದ ಹಿಂದೆ ಇನ್ನೊಬ್ಬನಿದ್ದಾನೆ, ಆ ಕಾರನ್ನು ಡೀಲರ್‌ಗೆ ಕೊಟ್ಟು ಹೋದವನು. ನನ್ನ ಹಳೆಯ ಕಾರನ್ನು ನಾನೂ ಒಬ್ಬ ಡೀಲರ್‌ಗೆ ಕೊಟ್ಟಿದ್ದೆ. ದಿನಾ ಅದರ ಪುಟ ನೋಡುವುದು ಅಭ್ಯಾಸವಾಗಿತ್ತು. ಒಂದು ದಿನ ಪುಟ ಮಾಯವಾಯಿತು, ಪೀಡೆ ಕಳೆಯಿತು ಎಂದುಕೊಂಡೆ. ನಾಲ್ಕು ತಿಂಗಳ ಮೇಲೆ ಸಿಗ್ನಲ್ ದಾಟಿದ ದಂಡದ ಸಂದೇಶ ಬಂದದ್ದು ನನ್ನ ಫೋನಿಗೆ. ಪರದೆಯ ಮೇಲೆ ಮಾರಾಟವಾದ ಕಾರು ದಾಖಲೆಯಲ್ಲಿ ನನ್ನದೇ ಆಗಿತ್ತು. ದಂಡ ಸಣ್ಣದು. ಅಪಘಾತವಾಗಿದ್ದರೆ? ಹೆಸರು ಬದಲಾಗದೆ ಕೈಯಿಂದ ಕೈಗೆ ದಾಟಿದ ಕಾರೊಂದರ ಪ್ರಕರಣದಲ್ಲಿ, ನೋಂದಣಿಯಲ್ಲಿ ಹೆಸರಿರುವವನೇ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರ ಫೆಬ್ರವರಿಯಲ್ಲಿ ಹೇಳಿದೆ.

ಮೋಟಾರು ವಾಹನ ಕಾಯ್ದೆಯ 50ನೇ ಸೆಕ್ಷನ್ ಪ್ರಕಾರ, ರಾಜ್ಯದೊಳಗೇ ಮಾರಿದರೆ ಮಾರಿದವನು 14 ದಿನದಲ್ಲಿ, ಕೊಂಡವನು 30 ದಿನದಲ್ಲಿ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕು. ನಡುವೆ ಡೀಲರ್ ಬಂದಾಗ ಕಾರು ಯಾರದ್ದೂ ಅಲ್ಲದ ಸ್ಥಿತಿಯಲ್ಲಿ ತಿಂಗಳುಗಟ್ಟಲೆ ನಿಲ್ಲುತ್ತಿತ್ತು. ಕೇಂದ್ರ ಸಾರಿಗೆ ಸಚಿವಾಲಯ 2022ರ ಡಿಸೆಂಬರ್‌ನಲ್ಲಿ ಹೊರಡಿಸಿ 2023ರ ಏಪ್ರಿಲ್ 1ರಿಂದ ಜಾರಿಗೆ ತಂದ ನಿಯಮ ಈ ಬಿರುಕನ್ನು ಮುಚ್ಚಲು ಬಂದದ್ದು. ಅಧಿಕೃತ ಡೀಲರ್‌ಗೆ ಕಾರು ಒಪ್ಪಿಸುವಾಗ ಫಾರಂ 29ಸಿ ಮೂಲಕ ತಿಳಿಸಿದರೆ, ಅಲ್ಲಿಂದ ಮುಂದೆ ಕಾನೂನಿನ ಕಣ್ಣಿಗೆ ಡೀಲರನೇ ಮಾಲೀಕ. ಕಾರು ಯಾರ್ಡಿನಿಂದ ಹೊರಟ ಪ್ರತಿ ಓಡಾಟದ ದಾಖಲೆಯನ್ನೂ ಅವನು ಇಡಬೇಕು.

ಫಾರಂ 29ಸಿಯ ಸ್ವೀಕೃತಿಯ ಪ್ರತಿ ಕೈಗೆ ಬರುವವರೆಗೆ ಈಗ ನಾನು ಬೀಗದ ಕೈ ಕೊಡುವುದಿಲ್ಲ. ಆಮೇಲೂ ವಾರಕ್ಕೊಮ್ಮೆ ಸರ್ಕಾರದ ವಾಹನ ದಾಖಲೆಯ ಆ್ಯಪ್ ಎಂಪರಿವಾಹನ್‌ನಲ್ಲಿ ಹಳೆಯ ನಂಬರ್ ಹಾಕಿ ನೋಡುತ್ತೇನೆ. ಮಾಲೀಕರ ಹೆಸರನ್ನು ಅಲ್ಲಿ ಅರ್ಧ ಮರೆಮಾಡಿ ತೋರಿಸುತ್ತಾರೆ. ಮೊದಲ ಅಕ್ಷರ ನನ್ನದಲ್ಲ ಎಂದು ಕಂಡ ದಿನ ಆ ಕಾರು ಮಾರಾಟವಾಯಿತೆಂದು ಲೆಕ್ಕ.